ಬಿಂಬಪ್ರತಿಯ ಲಿಪಿಕಾರರು: ಡಿಸ್ಕ್ ನಕಲಿನ ಮೂರು ಸಾಧನಗಳ ವಿಮರ್ಶೆ

೧

ಗ್ರಂಥಸಂಪಾದನೆಯ ಮೊದಲ ಕೆಲಸ ಪಾಠನಿರ್ಣಯವಲ್ಲ, ಪ್ರತಿಪರೀಕ್ಷೆ. ಕೈಗೆ ಬಂದ ಪ್ರತಿ ಎಲ್ಲಿಯದು, ಯಾರು ಬರೆದದ್ದು, ಯಾವುದನ್ನು ನೋಡಿ ಬರೆದದ್ದು, ಎಲ್ಲಿ ಹುಳು ತಿಂದಿದೆ, ಎಲ್ಲಿ ಗರಿ ಮುರಿದಿದೆ ಎಂಬಿಷ್ಟು ಗೊತ್ತಾದ ಮೇಲೆಯೇ ಆ ಪ್ರತಿಯ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ನಿಶ್ಚಯವಾಗುತ್ತದೆ. ಡಿ. ಎಲ್. ನರಸಿಂಹಾಚಾರ್ಯರು ೧೯೬೪ರಲ್ಲಿ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಪ್ರಕಟಿಸಿ ಈ ಶಾಸ್ತ್ರವನ್ನು ಕನ್ನಡದಲ್ಲಿ ನೆಲೆಗೊಳಿಸಿದಂದಿನಿಂದ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಪರಿಚಿತವಾಗಿಯೇ ಇದೆ. ಆದರೆ ಅಂದು ‘ಪ್ರತಿ’ಯೆಂದರೆ ಓಲೆಗರಿ, ಕೋರಿಕಾಗದ, ಹೆಚ್ಚೆಂದರೆ ಅಚ್ಚಿನ ಕರಡು. ಇಂದು ಹಾಗಿಲ್ಲ. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಬರೆದ ಅನೇಕ ಲೇಖಕರ ಹಸ್ತಪ್ರತಿಯೆಂಬುದು ಕೈಬರಹವೇ ಅಲ್ಲ. ಫ್ಲಾಪಿಯಲ್ಲಿಯೋ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿಯೋ ಅಡಗಿರುವ ಕಾಂತಲೇಖ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯವು ೨೦೦೬ರಲ್ಲಿ ಸಲ್ಮಾನ್ ರಶ್ದಿಯವರ ಬರಹಗಳ ಸಂಗ್ರಹವನ್ನು ಪಡೆದಾಗ ಕಾಗದಗಳ ಜೊತೆಯಲ್ಲಿ ಅವರ ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರುಗಳೂ ಬಂದವು. ೨೦೧೦ರಲ್ಲಿ ಆ ಕಂಪ್ಯೂಟರುಗಳಲ್ಲೊಂದರ ಒಳನೋಟವನ್ನು ಹಾಗೆಯೇ ಮರುಸೃಷ್ಟಿಸಿ ಓದುಗರ ಮುಂದಿಡಲಾಯಿತು.

ಇಂತಹ ವಸ್ತುಗಳನ್ನು ನೇರವಾಗಿ ಬಳಸುವಂತಿಲ್ಲ. ಸುಮ್ಮನೆ ತೆರೆದು ನೋಡಿದರೂ ಕಂಪ್ಯೂಟರು ಅವುಗಳಲ್ಲಿ ತನ್ನ ಗುರುತನ್ನು ಬರೆದುಬಿಡಬಹುದು. ಆದುದರಿಂದ ಮೊದಲು ಮೂಲಕ್ಕೆ ಬರಹ ತಗಲದಂತೆ ತಡೆಹಾಕಿ, ಅದರ ಸಮಗ್ರ ನಕಲನ್ನು ತೆಗೆದು, ಮುಂದಿನ ಕೆಲಸವನ್ನೆಲ್ಲ ಆ ನಕಲಿನ ಮೇಲೆ ನಡೆಸತಕ್ಕದ್ದು. ಇದಕ್ಕೆ ‘ಡಿಸ್ಕ್ ಇಮೇಜ್’ ಎಂದು ಹೆಸರು. ಪ್ರಕೃತ ಲೇಖನದಲ್ಲಿ ಇದನ್ನು ‘ಬಿಂಬಪ್ರತಿ’ ಎಂದು ಕರೆಯುತ್ತೇವೆ. ಬಿಂಬಪ್ರತಿಯನ್ನು ತೆಗೆಯುವ ಸಾಧನಗಳಲ್ಲಿ ಮುಖ್ಯವಾದವು ಕಮಾಂಡ್ ಲೈನಿನಿಂದ, ಎಂದರೆ ಕೀಲಿಮಣೆಯಲ್ಲಿ ಬೆರಳಚ್ಚಿಸಿದ ಆಜ್ಞಾವಾಕ್ಯದಿಂದ, ನಡೆಯತಕ್ಕವು. ಡಿಡಿ, ಡಿಡಿರೆಸ್ಕ್ಯೂ, ಇಡಬ್ಲ್ಯುಎಫ್‌ಅಕ್ವೈರ್ ಎಂಬ ಮೂರನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಯಂತ್ರಜ್ಞರು ಇವುಗಳ ವೇಗವನ್ನೂ ಅನುಕೂಲವನ್ನೂ ನೋಡುತ್ತಾರೆ. ನಾವು ಇವುಗಳನ್ನು ಲಿಪಿಕಾರರೆಂದು ಭಾವಿಸಿ, ಲಿಪಿಕಾರನನ್ನು ಅಳೆಯುವ ಕೋಲಿನಿಂದಲೇ ಅಳೆಯಲು ಯತ್ನಿಸುತ್ತೇವೆ. ಆ ಅಳತೆಗೋಲು ಯಾವುದು? ಎಷ್ಟನ್ನು ಸರಿಯಾಗಿ ನಕಲು ಮಾಡಿದನೆಂಬುದು ಒಂದು ಪ್ರಶ್ನೆ. ನಕಲು ಮಾಡಲಾಗದೆ ಉಳಿದದ್ದು ಎಷ್ಟೆಂಬುದನ್ನು ತಿಳಿಸಿದನೇ ಎಂಬುದು ಇನ್ನೊಂದು ಪ್ರಶ್ನೆ. ಎರಡನೆಯದೇ ಹೆಚ್ಚಿನದೆಂದು ನಮ್ಮ ಅಭಿಪ್ರಾಯ.

೨

ಮೊದಲು ಒಂದು ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಲೇಖಕನ ಕಾದಂಬರಿಯೋ ಕವಿತೆಯೋ ಇರುವ ಕಡತವನ್ನು ಮಾತ್ರ ನಕಲು ಮಾಡಿಕೊಂಡರೆ ಸಾಲದೆ? ಇಡೀ ಡಿಸ್ಕನ್ನು, ಅದರ ಖಾಲಿ ಜಾಗವನ್ನೂ ಸೇರಿಸಿ, ಏಕೆ ನಕಲು ಮಾಡಬೇಕು?

ಸಾಮಾನ್ಯವಾಗಿ ಬಳಕೆಯಲ್ಲಿದ್ದ ಮೂರೂವರೆ ಅಂಗುಲದ ಫ್ಲಾಪಿಯನ್ನು ತೆಗೆದುಕೊಳ್ಳೋಣ. ಅದಕ್ಕೆ ಎರಡು ಮುಖ. ಮುಖಕ್ಕೆ ೮೦ ವೃತ್ತಗಳು. ವೃತ್ತಕ್ಕೆ ೧೮ ಸೆಕ್ಟರುಗಳು. ಸೆಕ್ಟರಿಗೆ ೫೧೨ ಬೈಟುಗಳು. ಒಟ್ಟು ೨,೮೮೦ ಸೆಕ್ಟರುಗಳು, ೧೪,೭೪,೫೬೦ ಬೈಟುಗಳು. ಸೆಕ್ಟರನ್ನು ಗರಿಯೆಂದು ಭಾವಿಸಿದರೆ, ೨,೮೮೦ ಗರಿಗಳ ಒಂದು ಕಟ್ಟು. ಕಟ್ಟಿನ ಮೊದಲ ಕೆಲವು ಗರಿಗಳಲ್ಲಿ ವಿಷಯಸೂಚಿಯಿರುತ್ತದೆ. ಯಾವ ಕಡತ ಯಾವ ಯಾವ ಗರಿಗಳಲ್ಲಿದೆಯೆಂಬುದನ್ನು ಅದು ಹೇಳುತ್ತದೆ. ಲೇಖಕನು ಒಂದು ಕಡತವನ್ನು ‘ಅಳಿಸಿದಾಗ’ ಗರಿಯ ಮೇಲಿನ ಬರಹ ಅಳಿಯುವುದಿಲ್ಲ. ಸೂಚಿಯಲ್ಲಿ ಆ ಕಡತದ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಅಳಿಸಿದ ಗುರುತೊಂದು ಬೀಳುತ್ತದೆ, ಗರಿಗಳ ಸರಣಿಯನ್ನು ಹೇಳುವ ಲೆಕ್ಕ ಮಾತ್ರ ಸೊನ್ನೆಯಾಗುತ್ತದೆ. ಬೇರೊಂದು ಕಡತ ಬಂದು ಅದೇ ಜಾಗವನ್ನು ಆಕ್ರಮಿಸುವವರೆಗೂ ಹಳೆಯ ಬರಹ ಅಲ್ಲಿಯೇ ಇರುತ್ತದೆ. ಕಡತಗಳನ್ನು ಮಾತ್ರ ನಕಲು ಮಾಡುವವನು ಸೂಚಿಯನ್ನು ನಂಬಿ, ಸೂಚಿಯಲ್ಲಿಲ್ಲದ ಗರಿಗಳನ್ನು ಕಾಣದೆ ಬಿಡುತ್ತಾನೆ. ಸಂಪಾದಕನಿಗೆ ಬೇಕಾದ ಪೂರ್ವಪಾಠ ಇರುವ ಸಂಭವ ಆ ಗರಿಗಳಲ್ಲಿಯೇ ಹೆಚ್ಚು.

ಕಡತದ ಒಳಗೆ ಕೂಡ ಪದರಗಳಿರಬಹುದು. ಜೊನಾಥನ್ ಲಾರ್ಸನ್ ಎಂಬ ಅಮೆರಿಕದ ಗೀತನಾಟಕಕಾರನು ತನ್ನ ‘ರೆಂಟ್’ ನಾಟಕ ರಂಗಕ್ಕೆ ಬರುವ ಹೊತ್ತಿಗೆ ಸರಿಯಾಗಿ ೧೯೯೬ರ ಜನವರಿಯಲ್ಲಿ ತೀರಿಕೊಂಡನು. ಅವನ ಫ್ಲಾಪಿಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಅವುಗಳನ್ನು ಪರಿಶೀಲಿಸಿದ ಡಗ್ ರಿಸೈಡ್ ಎಂಬ ವಿದ್ವಾಂಸರು ೨೦೧೧ರಲ್ಲಿ ಒಂದು ಕುತೂಹಲಕರ ಸಂಗತಿಯನ್ನು ತಿಳಿಸಿದರು. ಲಾರ್ಸನ್ ಬಳಸುತ್ತಿದ್ದ ವರ್ಡ್ ತಂತ್ರಾಂಶದಲ್ಲಿ ‘ಫಾಸ್ಟ್ ಸೇವ್’ ಎಂಬ ಒಂದು ಏರ್ಪಾಡಿತ್ತು. ತಿದ್ದಿದಾಗಲೆಲ್ಲ ಇಡೀ ಬರಹವನ್ನು ಹೊಸದಾಗಿ ಬರೆಯದೆ, ತಿದ್ದುಪಡಿಯನ್ನು ಮಾತ್ರ ಕಡತದ ಕೊನೆಗೆ ಸೇರಿಸುವುದು ಅದರ ಕ್ರಮ. ವರ್ಡಿನಲ್ಲಿ ತೆರೆದರೆ ಕಾಣುವುದು ಕಡೆಯ ಪಾಠ. ಸರಳವಾದ ಪಠ್ಯಸಾಧನದಲ್ಲಿ ತೆರೆದರೆ ಕಾಣುವುದು ಕವಿ ಬಿಟ್ಟುಕೊಟ್ಟ ಹಳೆಯ ಪಾಠ. ಬರಹವನ್ನು ಹೊಸ ರೂಪಕ್ಕೆ ಪರಿವರ್ತಿಸಿ ‘ಉಳಿಸಿದ್ದರೆ’ ಈ ಪಾಠಾಂತರಗಳು ಶಾಶ್ವತವಾಗಿ ಹೋಗುತ್ತಿದ್ದುವು.

ಕನ್ನಡದ ಮಟ್ಟಿಗೆ ಇನ್ನೊಂದು ಕಾರಣವೂ ಉಂಟು. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಸಾಮಾನ್ಯ ಲೇಖಕನ ಮೇಜಿಗೆ ಬರಲು ಬಹುಕಾಲ ಹಿಡಿಯಿತು. ‘ತುಂಗಾ’ ಅಕ್ಷರಶೈಲಿಯೊಡನೆ ವಿಂಡೋಸ್ ಎಕ್ಸ್‌ಪಿ ಬಂದದ್ದು ೨೦೦೧ರಲ್ಲಿ. ಅದಕ್ಕೆ ಮುಂಚೆ, ಅನಂತರವೂ ಹಲವು ವರ್ಷ, ನಮ್ಮ ಬರಹಗಳು ಒಂದೊಂದು ತಂತ್ರಾಂಶದ ಒಂದೊಂದು ಫಾಂಟಿನ ಸಂಕೇತದಲ್ಲಿ ಸಿದ್ಧವಾದವು. ಆ ಕಡತವನ್ನು ಆ ಫಾಂಟಿಲ್ಲದೆ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ರಾಶಿ ಕಾಣುತ್ತದೆ. ಬರಹ ಒಂದು ಕಡೆ, ಅದನ್ನು ಓದುವ ಕೀಲಿ ಇನ್ನೊಂದು ಕಡೆ. ಲೇಖಕನ ಹಾರ್ಡ್ ಡಿಸ್ಕಿನ ಬಿಂಬಪ್ರತಿಯಲ್ಲಾದರೋ ಎರಡೂ ಒಟ್ಟಿಗೆ ಬರುತ್ತವೆ. ಕಡತವನ್ನಷ್ಟೇ ತಂದವನು ಬೀಗವನ್ನು ಮನೆಗೆ ತಂದು ಬೀಗದಕೈಯನ್ನು ಹಿಂದೆ ಬಿಟ್ಟವನಾಗುತ್ತಾನೆ.

೩

ಈ ಲಿಪಿಕಾರರಲ್ಲಿ ಹಿರಿಯದು ಡಿಡಿ. ಬೆಲ್ ಪ್ರಯೋಗಾಲಯದ ಯುನಿಕ್ಸ್ ವ್ಯವಸ್ಥೆಯ ಐದನೆಯ ಆವೃತ್ತಿಯಲ್ಲಿ, ೧೯೭೪ರಲ್ಲಿ, ಇದು ಕಾಣಿಸಿಕೊಂಡಿತು. ಇದರ ವಾಕ್ಯರಚನೆ ಯುನಿಕ್ಸಿನ ಇತರ ಆಜ್ಞೆಗಳಂತಿರದೆ ಐಬಿಎಂ ಯಂತ್ರಗಳ ಆಜ್ಞಾಭಾಷೆಯನ್ನು ಹೋಲುತ್ತದೆ: ‘ಐಎಫ್’ ಎಂಬುದಕ್ಕೆ ಸಮಚಿಹ್ನೆಯಿಟ್ಟು ಆಕರವನ್ನೂ, ‘ಓಎಫ್’ ಎಂಬುದಕ್ಕೆ ಸಮಚಿಹ್ನೆಯಿಟ್ಟು ಗುರಿಯನ್ನೂ ಹೆಸರಿಸಬೇಕು. ಐಬಿಎಂ ಯಂತ್ರಗಳ ಎಬ್ಸಿಡಿಕ್ ಸಂಕೇತವನ್ನು ಆಸ್ಕಿ ಸಂಕೇತಕ್ಕೆ ತಿರುಗಿಸುವುದು ಇದರ ಪ್ರಾರಂಭದ ಕೆಲಸಗಳಲ್ಲೊಂದು. ಲಿಪ್ಯಂತರಕ್ಕಾಗಿ ಹುಟ್ಟಿದವನು ಕಾಲಾಂತರದಲ್ಲಿ ಒಂದಕ್ಷರವನ್ನೂ ಬದಲಿಸದ ಲಿಪಿಕಾರನೆಂದು ಹೆಸರಾದದ್ದು ಸ್ವಾರಸ್ಯವಾಗಿದೆ.

ಡಿಡಿಯ ಗುಣ ಅದರ ಅಜ್ಞಾನ. ಎದುರಿಗಿರುವುದು ಕವಿತೆಯೋ ಲೆಕ್ಕಪತ್ರವೋ ಖಾಲಿ ಜಾಗವೋ ಅದಕ್ಕೆ ತಿಳಿಯದು. ಬೈಟುಗಳನ್ನು ಸಾಲಾಗಿ ಓದಿ ಸಾಲಾಗಿ ಬರೆಯುತ್ತದೆ. ಅರ್ಥವನ್ನು ಬಲ್ಲ ಲಿಪಿಕಾರನೇ ಹೆಚ್ಚು ಅಪಾಯಕಾರಿಯೆಂಬುದು ಗ್ರಂಥಸಂಪಾದನೆ ಮಾಡಿದವರ ಅನುಭವ. ಅವನು ತನಗೆ ತಿಳಿಯದ ಹಳೆಯ ಶಬ್ದವನ್ನು ತಿಳಿದ ಶಬ್ದಕ್ಕೆ ತಿದ್ದುತ್ತಾನೆ, ಛಂದಸ್ಸನ್ನು ಸರಿಪಡಿಸುತ್ತಾನೆ, ತನ್ನದೊಂದು ಪದ್ಯವನ್ನು ಸೇರಿಸುತ್ತಾನೆ. ಡಿಡಿಯಲ್ಲಿ ಪ್ರಕ್ಷೇಪದ ಭಯವಿಲ್ಲ. ಒಂದು ಅಪಾಯವನ್ನು ಮಾತ್ರ ಹೇಳಲೇಬೇಕು: ಆಕರವನ್ನೂ ಗುರಿಯನ್ನೂ ಅದಲುಬದಲು ಮಾಡಿದರೆ ಅದು ಪ್ರಶ್ನಿಸದೆ ಮೂಲದ ಮೇಲೆಯೇ ಬರೆಯುತ್ತದೆ. ಆದುದರಿಂದಲೇ ಫ್ಲಾಪಿಯ ಮೂಲೆಯ ಕಿಟಕಿಯನ್ನು ತೆರೆದಿಟ್ಟು, ಬರಹಕ್ಕೆ ತಡೆಹಾಕಿಯೇ ಕೆಲಸವನ್ನು ಆರಂಭಿಸತಕ್ಕದ್ದು.

ಆದರೆ ಗರಿ ಕೆಟ್ಟಿದ್ದಾಗ ಡಿಡಿ ಏನು ಮಾಡುತ್ತದೆ? ಬೇರೆ ಅಪ್ಪಣೆಯಿಲ್ಲದಿದ್ದರೆ ಮೊದಲ ದೋಷದಲ್ಲಿಯೇ ನಿಂತುಬಿಡುತ್ತದೆ. ‘ನೋಎರರ್’ ಎಂಬ ಅಪ್ಪಣೆಯಿತ್ತರೆ ಕೆಟ್ಟದ್ದನ್ನು ಬಿಟ್ಟು ಮುಂದುವರಿಯುತ್ತದೆ. ಆಗ ಬೇರೊಂದು ತೊಂದರೆ: ಬಿಟ್ಟ ಗರಿಯ ಸ್ಥಾನವನ್ನು ಮುಂದಿನ ಗರಿ ಆಕ್ರಮಿಸಿ, ಅಲ್ಲಿಂದ ಕೊನೆಯವರೆಗಿನ ಗರಿಸಂಖ್ಯೆಯೆಲ್ಲ ತಪ್ಪುತ್ತದೆ, ವಿಷಯಸೂಚಿ ತೋರಿಸುವ ಸ್ಥಾನದಲ್ಲಿ ಬೇರೆಯೇ ಬರಹ ಸಿಕ್ಕುತ್ತದೆ. ಇದನ್ನು ತಪ್ಪಿಸಲು ‘ಸಿಂಕ್’ ಎಂಬ ಎರಡನೆಯ ಅಪ್ಪಣೆಯನ್ನೂ ಜೊತೆಗೆ ಕೊಡುತ್ತಾರೆ. ಆಗ ಡಿಡಿ ಕೆಟ್ಟ ಭಾಗದ ಸ್ಥಾನದಲ್ಲಿ ಅಷ್ಟೇ ಉದ್ದದ ಸೊನ್ನೆಗಳನ್ನು ತುಂಬುತ್ತದೆ. ಒಂದು ಸಲಕ್ಕೆ ಓದುವ ಅಳತೆಯನ್ನು ೧೮ ಸೆಕ್ಟರುಗಳಿಗೆ ಹಿಗ್ಗಿಸಿದ್ದರೆ, ಒಂದು ಕೆಟ್ಟದ್ದರ ಜೊತೆಯಲ್ಲಿ ಒಳ್ಳೆಯ ಹದಿನೇಳೂ ಸೊನ್ನೆಯಾಗಬಹುದು.

ನಮ್ಮ ಮುಖ್ಯ ಆಕ್ಷೇಪಣೆ ಇಲ್ಲಿಯೇ. ಬಳಸದ ಸೆಕ್ಟರುಗಳಲ್ಲಿಯೂ ಸಹಜವಾಗಿಯೇ ಸೊನ್ನೆಗಳಿರಬಹುದು. ಹೀಗಿರುವಲ್ಲಿ ಬಿಂಬಪ್ರತಿಯನ್ನು ಮಾತ್ರ ನೋಡುವವನಿಗೆ, ಲೇಖಕನು ಏನನ್ನೂ ಬರೆಯದೆ ಬಿಟ್ಟ ಜಾಗ ಯಾವುದು, ಬರೆದದ್ದು ನಷ್ಟವಾದ ಜಾಗ ಯಾವುದು ಎಂಬ ವಿವೇಚನೆ ಸಾಧ್ಯವಾಗದು. ಹಳೆಯ ಫಾಂಟ್ ಸಂಕೇತದಲ್ಲಿ ೫೧೨ ಬೈಟುಗಳೆಂದರೆ ಸುಮಾರು ಮೂರು ಕಂದಪದ್ಯಗಳಷ್ಟು ಬರಹ. ಅಷ್ಟು ಹೋಗಿಯೂ ಹೋದದ್ದೇ ತಿಳಿಯದಂತಾಗುತ್ತದೆ. ಹುಳು ತಿಂದ ಗರಿಯಲ್ಲಿ ತೂತು ಕಾಣುತ್ತದೆ; ಸಂಪಾದಕನು ಅಲ್ಲಿ ಚುಕ್ಕಿಗಳನ್ನಿಟ್ಟು, ಊಹಿಸಿ ತುಂಬಿದ ಅಕ್ಷರವನ್ನು ಕಂಸದಲ್ಲಿಟ್ಟು, ಓದುಗನಿಗೆ ನಿಜವನ್ನು ತಿಳಿಸುತ್ತಾನೆ. ಡಿಡಿ ತೂತನ್ನು ಹೊಸ ಗರಿಯಿಂದ ಮುಚ್ಚಿ ನಯಮಾಡಿಬಿಡುತ್ತದೆ. ದೋಷವಾರ್ತೆಯನ್ನು ಅದು ಹೇಳದೆ ಇರುವುದಿಲ್ಲ, ನಿಜ. ಎಷ್ಟು ಬ್ಲಾಕುಗಳು ಒಳಬಂದುವು, ಎಷ್ಟು ಹೊರಹೋದುವು ಎಂಬ ಲೆಕ್ಕವನ್ನೂ ಕೊನೆಯಲ್ಲಿ ಒಪ್ಪಿಸುತ್ತದೆ. ಆದರೆ ಅದೆಲ್ಲ ತೆರೆಯ ಮೇಲೆ ಕಂಡು ಮರೆಯಾಗುವ ಮಾತು. ಪ್ರತಿಯ ಮೈಮೇಲೆ ಅದರ ಗುರುತಿಲ್ಲ. ಡಿಡಿಯ ಪ್ರತಿಗೆ ಪುಷ್ಪಿಕೆಯಿಲ್ಲ.

೪

ಎರಡನೆಯದು ಗ್ನೂ ಸಮುದಾಯದ ಡಿಡಿರೆಸ್ಕ್ಯೂ. ಇದನ್ನು ರಚಿಸಿದವರು ಆಂಟೋನಿಯೊ ಡಿಯಾಸ್ ಡಿಯಾಸ್. ಹೆಸರಿನಲ್ಲಿ ಸಾಮ್ಯವಿದ್ದರೂ ಇದರ ಕ್ರಮವೇ ಬೇರೆ. ಕೆಟ್ಟ ಪ್ರದೇಶ ಎದುರಾದಾಗ ಇದು ಅಲ್ಲಿಯೇ ಹೆಣಗುವುದಿಲ್ಲ. ಅದನ್ನು ದಾಟಿ, ಚೆನ್ನಾಗಿರುವುದನ್ನೆಲ್ಲ ಮೊದಲು ಸಂಗ್ರಹಿಸಿಕೊಂಡು, ಅನಂತರ ಕೆಟ್ಟ ಪ್ರದೇಶದ ಅಂಚುಗಳಿಗೆ ಬಂದು, ಕಡೆಯಲ್ಲಿ ಒಂದೊಂದೇ ಸೆಕ್ಟರನ್ನು ಕೆರೆದು ನೋಡುತ್ತದೆ. ಸಾಯುತ್ತಿರುವ ಡಿಸ್ಕು ಎಷ್ಟು ಹೊತ್ತು ಇರುವುದೋ ತಿಳಿಯದ ಸಂದರ್ಭದಲ್ಲಿ ಇದು ವಿವೇಕದ ಕ್ರಮವೆನ್ನಬೇಕು. ಸ್ಪಷ್ಟವಾದ ಗರಿಗಳನ್ನು ಮೊದಲು ಓದಿ ಕಷ್ಟದವನ್ನು ಕೊನೆಗೆ ಇಟ್ಟುಕೊಳ್ಳುವ ಅನುಭವಸ್ಥನ ರೀತಿ ಇದು.

ಆದರೆ ಇದರ ಹಿರಿಮೆ ಇರುವುದು ‘ಮ್ಯಾಪ್‌ಫೈಲ್’ ಎಂಬ ನಕ್ಷೆಯಲ್ಲಿ. ಡಿಡಿರೆಸ್ಕ್ಯೂ ನಕಲು ಮಾಡುತ್ತಿರುವಾಗಲೇ ಒಂದು ಸರಳ ಪಠ್ಯವನ್ನು ಸಿದ್ಧಪಡಿಸುತ್ತದೆ. ಅದರ ತಲೆಯಲ್ಲಿ ತಂತ್ರಾಂಶದ ಆವೃತ್ತಿ, ಬೆರಳಚ್ಚಿಸಿದ ಆಜ್ಞಾವಾಕ್ಯ, ಕಾಲ. ಅದರ ಕೆಳಗೆ ಆರಂಭಸ್ಥಾನ, ಉದ್ದ, ಸ್ಥಿತಿ ಎಂಬ ಮೂರು ಅಂಕಣಗಳು. ಓದಲಾದ ಭಾಗಕ್ಕೆ ಕೂಡುವ ಚಿಹ್ನೆ, ಓದಲಾಗದ ಸೆಕ್ಟರಿಗೆ ಕಳೆಯುವ ಚಿಹ್ನೆ, ಇನ್ನೂ ಪ್ರಯತ್ನಿಸದ ಭಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ. ತಾನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕೆಂದು ಪ್ರತಿಯ ಕೊನೆಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದ ನಮ್ಮ ಹಳೆಯ ಲಿಪಿಕಾರನ ಮಾತನ್ನು ಇದಕ್ಕೆ ಹೋಲಿಸಬಹುದು. ಆದರೆ ಅವನದು ಸಾಮಾನ್ಯವಾದ ವಿನಯ. ಇದು ಯಾವ ಗರಿಯ ಯಾವ ಸಾಲೆಂದು ಹೆಸರಿಸಿ ಹೇಳುವ ಒಪ್ಪಿಗೆ. ಇಷ್ಟೇ ಅಲ್ಲದೆ, ನಕ್ಷೆಯ ಆಧಾರದಿಂದ ಬಿಂಬಪ್ರತಿಯ ನಷ್ಟಭಾಗಗಳಲ್ಲಿ ಸೊನ್ನೆಯ ಬದಲು ಬೇಕಾದ ಗುರುತಿನ ಶಬ್ದವನ್ನೇ ತುಂಬುವ ಸೌಕರ್ಯವೂ ಇದರಲ್ಲಿದೆ. ಆಮೇಲೆ ಆ ಶಬ್ದಕ್ಕಾಗಿ ಹುಡುಕಿದರೆ ಯಾವ ಯಾವ ಕಡತಗಳು ತ್ರುಟಿತವಾಗಿವೆಯೆಂಬುದು ವಿದಿತವಾಗುತ್ತದೆ. ಸಂಪಾದಕನ ಚುಕ್ಕಿಗಳಿಗೆ ಇದು ಸಮಾನ.

ಇದರಲ್ಲಿಯೂ ಎರಡು ಕೊರತೆಗಳನ್ನು ಕಾಣುತ್ತೇವೆ. ನಕ್ಷೆಯು ಬಿಂಬಪ್ರತಿಯ ಒಳಗಿಲ್ಲ, ಪ್ರತ್ಯೇಕವಾದ ಕಡತ. ಭಂಡಾರದ ಓಡಾಟದಲ್ಲಿ ಒಂದು ಉಳಿದು ಇನ್ನೊಂದು ಕಳೆದರೆ ಡಿಡಿಯ ಸ್ಥಿತಿಯೇ ಇದಕ್ಕೂ ಬರುತ್ತದೆ. ಇದು ನಿರ್ವಹಣೆಯ ಕೊರತೆ, ಎಚ್ಚರದಿಂದ ಪರಿಹಾರವಾಗತಕ್ಕದ್ದು. ಎರಡನೆಯದು ತತ್ತ್ವಕ್ಕೆ ಸಂಬಂಧಿಸಿದ್ದು. ಒಂದೇ ಬರಹದ ಎರಡು ಡಿಸ್ಕುಗಳಿದ್ದು ಎರಡೂ ಬೇರೆ ಬೇರೆ ಕಡೆ ಕೆಟ್ಟಿದ್ದರೆ, ಮೊದಲನೆಯದರ ನಕ್ಷೆಯನ್ನೇ ಮುಂದುವರಿಸಿ, ಅಲ್ಲಿ ಖಾಲಿಯಾದದ್ದನ್ನು ಎರಡನೆಯದರಿಂದ ತುಂಬಬಹುದು. ಫಲ ಸಂಪೂರ್ಣವಾದ ಪ್ರತಿ. ಆದರೆ ಯಾವ ಸೆಕ್ಟರು ಯಾವ ಡಿಸ್ಕಿನಿಂದ ಬಂದಿತೆಂಬುದನ್ನು ನಕ್ಷೆ ಹೇಳುವುದಿಲ್ಲ. ಎರಡಕ್ಕೂ ಅದೇ ಕೂಡುವ ಚಿಹ್ನೆ. ಎರಡು ಡಿಸ್ಕುಗಳು ಬಿಟ್ಟುಬಿಟ್ಟೂ ಒಂದೇ ಆಗಿದ್ದರೆ ಬಾಧಕವಿಲ್ಲ. ಲೇಖಕನು ನಡುವೆ ತಿದ್ದಿದ್ದರೆ? ಎರಡು ಕಾಲದ ಪಾಠಗಳು ಬೆರೆತು, ಯಾವ ಕಾಲದಲ್ಲಿಯೂ ಅವನು ಬರೆಯದ ಒಂದು ಪಾಠ ಹುಟ್ಟುತ್ತದೆ. ಮಿಶ್ರಪ್ರತಿಗಳಿಂದ ಸಂಪಾದಕರು ಪಟ್ಟ ಪಾಡನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಪ್ರತಿಯೊಂದು ಡಿಸ್ಕಿಗೂ ಅದರದೇ ಬಿಂಬಪ್ರತಿ, ಅದರದೇ ನಕ್ಷೆ ಇರತಕ್ಕದ್ದು. ಬೆರೆಸುವುದಾದರೆ ಅದನ್ನು ಬೇರೊಂದು ಪ್ರತಿಯಲ್ಲಿ, ಸಂಪಾದನೆಯ ಕೆಲಸವೆಂದು ಹೆಸರಿಟ್ಟೇ ಮಾಡತಕ್ಕದ್ದು.

೫

ಮೂರನೆಯದು ಇಡಬ್ಲ್ಯುಎಫ್‌ಅಕ್ವೈರ್. ಯೋಖಿಮ್ ಮೆಟ್ಸ್ ಎಂಬುವರು ರಚಿಸಿದ ಲಿಬ್‌ಇಡಬ್ಲ್ಯುಎಫ್ ಸಂಗ್ರಹಕ್ಕೆ ಇದು ಸೇರಿದ್ದು. ಅಪರಾಧ ತನಿಖೆಯವರಲ್ಲಿ ರೂಢವಾದ ‘ಇ೦೧’ ಎಂಬ ರೂಪದಲ್ಲಿ ಇದು ಬಿಂಬಪ್ರತಿಯನ್ನು ಬರೆಯುತ್ತದೆ. ನ್ಯಾಯಸ್ಥಾನದ ಸಾಕ್ಷ್ಯಕ್ಕಾಗಿ ಹುಟ್ಟಿದ ರೂಪವಾದುದರಿಂದ ಇದರಲ್ಲಿ ಪುಷ್ಪಿಕೆ ಪ್ರತಿಯ ಒಳಗೇ ಸೇರಿರುತ್ತದೆ: ಪ್ರಕರಣದ ಸಂಖ್ಯೆ, ವಿವರಣೆ, ನಕಲು ತೆಗೆದವರ ಹೆಸರು, ದಿನಾಂಕ, ಟಿಪ್ಪಣಿ. ಸಾಮಾನ್ಯವಾಗಿ ೬೪ ಸೆಕ್ಟರುಗಳ ಒಂದೊಂದು ತುಂಡಿಗೂ ತಾಳೆಯ ಅಂಕೆಯಿದ್ದು, ಕೊನೆಯಲ್ಲಿ ಸಮಗ್ರಕ್ಕೆ ಒಂದು ತಾಳೆಯಿರುತ್ತದೆ. ಓದಲಾಗದ ಸೆಕ್ಟರುಗಳ ಪಟ್ಟಿಗೂ ಒಳಗೇ ಸ್ಥಳವುಂಟು. ‘ಇಡಬ್ಲ್ಯುಎಫ್‌ಇನ್ಫೊ’ ಎಂಬ ಆಜ್ಞೆಯಿಂದ ಇದನ್ನು ಓದಬಹುದು; ‘ಇಡಬ್ಲ್ಯುಎಫ್‌ವೆರಿಫೈ’ ಎಂಬುದರಿಂದ ತಾಳೆ ನೋಡಬಹುದು. ಪ್ರತಿಯನ್ನೂ ಪುಷ್ಪಿಕೆಯನ್ನೂ ಬೇರ್ಪಡಿಸಲಾಗದಂತೆ ಒಂದೇ ಕಟ್ಟಿನಲ್ಲಿ ಕಟ್ಟಿದ್ದು ಇದರ ಗುಣ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಡಿಡಿಯ ಬಿಂಬಪ್ರತಿಗೆ ರೂಪವೇ ಇಲ್ಲ. ಮೂಲದ ಬೈಟುಗಳು ಇದ್ದ ಕ್ರಮದಲ್ಲಿಯೇ ಇವೆ, ಅದನ್ನು ಓದಲು ವಿಶೇಷ ವಿದ್ಯೆ ಬೇಡ. ಇ೦೧ ಒಂದು ವಾಣಿಜ್ಯ ತಂತ್ರಾಂಶದ ಆಶ್ರಯದಲ್ಲಿ ಬೆಳೆದ ರೂಪ. ಕುಗ್ಗಿಸಿ ತುಂಡುತುಂಡಾಗಿ ಕಟ್ಟಿದ್ದು. ಹೊರಗಿನವರು ಅದನ್ನು ಪರಿಶೋಧಿಸಿ ಮುಕ್ತ ಸಾಧನವನ್ನು ರಚಿಸಿದ್ದರಿಂದ ಇಂದು ಎಲ್ಲರಿಗೂ ಓದಲು ಬರುತ್ತದೆ. ಆದರೆ ಐವತ್ತು ವರ್ಷಗಳ ಮಾತನಾಡುವ ಭಂಡಾರವು ಒಂದು ಸಾಧನದ ಆಯುಸ್ಸನ್ನು ನಂಬಿ ಕುಳಿತುಕೊಳ್ಳಲಾಗದು. ಸೂಕ್ಷ್ಮವಾಗಿ ನೋಡಿದರೆ, ಫಾಂಟಿಲ್ಲದ ಕನ್ನಡ ಕಡತದ ಪಾಡೇ ಇದಕ್ಕೂ ಮುಂದೊಂದು ದಿನ ಒದಗಬಹುದು.

೬

ತಾಳೆಯ ಅಂಕೆಯ ವಿಚಾರವಾಗಿ ಒಂದು ಮಾತು ಅಗತ್ಯ. ಬಿಂಬಪ್ರತಿಯ ಸಮಸ್ತ ಬೈಟುಗಳನ್ನೂ ಒಂದು ಗಣಿತಕ್ರಮಕ್ಕೆ ಒಳಪಡಿಸಿ ಚಿಕ್ಕದೊಂದು ಅಂಕೆಯನ್ನು ಪಡೆಯುತ್ತಾರೆ. ಒಂದು ಬಿಟ್ ಬದಲಾದರೂ ಅಂಕೆ ಬದಲಾಗುತ್ತದೆ. ಎಂಡಿ೫ ಎಂಬ ಹಳೆಯ ಕ್ರಮದಲ್ಲಿ ಬೇರೆ ಬೇರೆ ಬರಹಗಳಿಗೆ ಒಂದೇ ಅಂಕೆ ಬರುವಂತೆ ಮಾಡಬಹುದೆಂದು ೨೦೦೪ರಲ್ಲಿ ಸಿದ್ಧವಾಯಿತು. ಎಸ್‌ಎಚ್‌ಎ-೧ಕ್ಕೂ ೨೦೧೭ರಲ್ಲಿ ಅದೇ ಗತಿಯಾಯಿತು. ಆದುದರಿಂದ ಎಸ್‌ಎಚ್‌ಎ-೨೫೬ನ್ನು ಬಳಸುವುದು ಲೇಸು. ಆದರೆ ಯಾವ ಕ್ರಮವೇ ಆಗಲಿ, ಅದು ಸಿದ್ಧಪಡಿಸುವುದು ಏನನ್ನು? ಬಿಂಬಪ್ರತಿಯು ತೆಗೆದ ದಿನದಿಂದ ಇಂದಿನವರೆಗೆ ಬದಲಾಗಿಲ್ಲವೆಂಬುದನ್ನು ಮಾತ್ರ. ಅದು ಮೂಲವನ್ನು ಪೂರ್ಣವಾಗಿ ಹೋಲುತ್ತದೆಯೆಂಬುದನ್ನು ಅಲ್ಲ. ಸೊನ್ನೆ ತುಂಬಿದ ತ್ರುಟಿತಪ್ರತಿಗೂ ಅಷ್ಟೇ ಶುದ್ಧವಾದ ತಾಳೆ ದೊರೆಯುತ್ತದೆ; ಆಗ ಅದು ಜೋಪಾನ ಮಾಡುವುದು ನಷ್ಟವನ್ನೇ. ತಾಳೆ ಸರಿಯಿದೆಯೆಂಬ ಮಾತನ್ನು ಪ್ರತಿ ಸರಿಯಿದೆಯೆಂಬ ಅರ್ಥದಲ್ಲಿ ತೆಗೆದುಕೊಳ್ಳುವುದು ಸುಲಭ. ಅದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಇದೆಲ್ಲ ಯಂತ್ರಜ್ಞರ ಕೆಲಸ, ಸಾಹಿತ್ಯದ ವಿಭಾಗಕ್ಕೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಓಲೆಗರಿಯನ್ನು ಹದಮಾಡುವುದೂ ಕಂಠದಿಂದ ಕೊರೆಯುವುದೂ ಪಂಡಿತನ ಕೆಲಸವಾಗಿರಲಿಲ್ಲ. ಆದರೂ ಗರಿ ಹೇಗೆ ಒಡೆಯುತ್ತದೆ, ಮಸಿ ಹೇಗೆ ಮಾಸುತ್ತದೆ ಎಂಬುದನ್ನು ತಿಳಿಯದೆ ಯಾರೂ ಒಳ್ಳೆಯ ಸಂಪಾದಕರಾಗಲಿಲ್ಲ. ಕಿಟಕಿ ಗುಂಡಿಗಳ ಸಾಧನಗಳಿರುವಾಗ ಆಜ್ಞಾವಾಕ್ಯದ ಕ್ಲೇಶ ಬೇಕೇ ಎಂಬ ಪ್ರಶ್ನೆಗೂ ನಮ್ಮ ಉತ್ತರ ಸರಳ. ಗುಂಡಿಯನ್ನು ಒತ್ತಿದ್ದು ತಾನಾಗಿ ಎಲ್ಲಿಯೂ ಉಳಿಯುವುದಿಲ್ಲ. ಆಜ್ಞಾವಾಕ್ಯ ಒಂದು ಬರಹ. ಅದನ್ನು ಹಾಗೆಯೇ ಎತ್ತಿ ದಾಖಲೆಯಲ್ಲಿಡಬಹುದು, ಇನ್ನೊಬ್ಬರು ಓದಿ ಪರೀಕ್ಷಿಸಬಹುದು, ‘ಸಿಂಕ್’ ಎಂಬ ಒಂದು ಶಬ್ದವನ್ನು ಕಂಡು ಈ ಪ್ರತಿಯ ಸೊನ್ನೆಗಳನ್ನು ಸಂಶಯಿಸಬೇಕೆಂದು ತಿಳಿಯಬಹುದು.

ಮೂರು ಸಾಧನಗಳಲ್ಲಿ ನಮ್ಮ ಒಲವು ಡಿಡಿರೆಸ್ಕ್ಯೂವಿನ ಕಡೆಗೆ. ಅದರ ಬಿಂಬಪ್ರತಿ ಡಿಡಿಯದರಂತೆ ನಿರಾಭರಣ. ಅದರ ನಕ್ಷೆ ಬರಿಗಣ್ಣಿಗೆ ಓದಬರುವ ಪಠ್ಯ. ಇವೆರಡನ್ನೂ, ಆಜ್ಞಾವಾಕ್ಯವನ್ನೂ, ಎಸ್‌ಎಚ್‌ಎ-೨೫೬ ಅಂಕೆಯನ್ನೂ, ನಕಲು ತೆಗೆದವರ ಹೆಸರು, ದಿನಾಂಕ, ಫ್ಲಾಪಿಯ ಮೇಲೆ ಅಂಟಿಸಿದ ಚೀಟಿಯ ಬರಹ ಇವುಗಳನ್ನೂ ಒಂದೇ ಕೋಶದಲ್ಲಿಟ್ಟು, ಬೇರೆ ಬೇರೆ ಸ್ಥಳಗಳಲ್ಲಿ ಎರಡು ಮೂರು ಪ್ರತಿಗಳನ್ನು ಕಾಯ್ದಿಟ್ಟರೆ ಇ೦೧ರ ಪ್ರಯೋಜನವೂ ಬಹುಮಟ್ಟಿಗೆ ದೊರೆತಂತಾಗುತ್ತದೆ. ಲೇಖಕನೇ ಅಳಿಸಿದ್ದ ಪತ್ರಗಳೂ ಟಿಪ್ಪಣಿಗಳೂ ಬಿಂಬಪ್ರತಿಯಲ್ಲಿ ಸಿಕ್ಕುವುದರಿಂದ, ಅವುಗಳನ್ನು ಯಾರಿಗೆ ಯಾವಾಗ ತೋರಿಸಬೇಕೆಂಬ ಒಪ್ಪಂದವನ್ನು ಅವನೊಡನೆಯೋ ಅವನ ಮನೆಯವರೊಡನೆಯೋ ಮೊದಲೇ ಮಾಡಿಕೊಳ್ಳತಕ್ಕದ್ದು. ಕಾಯ್ದಿಡುವ ಹಕ್ಕು ಪ್ರಕಟಿಸುವ ಹಕ್ಕಲ್ಲ.

ಕಾಂತಲೇಖವು ಓಲೆಗರಿಯಷ್ಟು ಬಾಳುವುದಿಲ್ಲ. ಶತಮಾನಗಳ ಹಿಂದಿನ ಗರಿಯನ್ನು ಇಂದು ಬಿಚ್ಚಿ ಓದುತ್ತೇವೆ. ೧೯೯೦ರ ದಶಕದ ಫ್ಲಾಪಿಯನ್ನು ಓದಲು ಇಂದೇ ಕಷ್ಟಪಡುತ್ತಿದ್ದೇವೆ. ನಮ್ಮ ಲೇಖಕರ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವವನ್ನು ಈಗ ನಕಲು ಮಾಡುವವರು ಕೆಲವನ್ನು ಖಂಡಿತವಾಗಿ ಕಳೆದುಕೊಳ್ಳುತ್ತಾರೆ. ಎಷ್ಟನ್ನು ಕಳೆದುಕೊಂಡೆವೆಂದು ಅವರು ಬರೆದಿಟ್ಟರೆ, ಮುಂದೆ ಈ ಬರಹಗಳನ್ನು ಸಂಪಾದಿಸುವ ವಿದ್ಯಾರ್ಥಿಗೆ ಚುಕ್ಕಿಗಳನ್ನು ಎಲ್ಲಿಡಬೇಕೆಂಬುದಾದರೂ ತಿಳಿಯುತ್ತದೆ.